ಏರುದಾರಿಯಲ್ಲಿ ನಿಲ್ಲುವ ಬಸ್ಸು

ಬಸ್ಸು ಮತ್ತೆ ಅದೇ ಏರಿನಲ್ಲಿ ನಿಂತಿತು. ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದ ಹೆಂಡತಿ ಅದನ್ನು ಕಣ್ಣಿಂದ ನೋಡಬೇಕಾಗಿರಲಿಲ್ಲ. ಮೊದಲು ಹಿಂದಿನ ಕೋಣೆಯಿಂದ ಲ್ಯಾಪ್‌ಟಾಪಿನ ಫ್ಯಾನು ಏದುಸಿರು ಬಿಡುವುದು ಕೇಳಿಸಿತು. ಆಮೇಲೆ ಒಮ್ಮೆಲೇ ಸದ್ದಡಗಿತು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಯಿತು. ಅಷ್ಟು ಹೊತ್ತಿಗೆ ಅವಳು ಎದ್ದು ಚಹಾಕ್ಕೆ ನೀರಿಟ್ಟಾಗಿತ್ತು.

ಸ್ವಲ್ಪ ತಡೆದು ಡ್ರೈವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಕೆಟ್ಟು ನಿಂತಿದೆ," ಎಂದರು. "ಮೇಲಿನ ಸ್ಟಾಪಿಗೆ ಇನ್ನೆರಡೇ ತಿರುವು ಇತ್ತು. ಗಾಡಿ ತುಂಬ ಜನ."

"ಇಳಿದು ನಡ್ಕೊಂಡು ಹೋಗ್ತಾರೆ ಬಿಡಿ. ನೀವು ಚಹಾ ಕುಡೀರಿ."

ಅವರು ನಗಲಿಲ್ಲ. ಜನರನ್ನು ಅರ್ಧ ದಾರಿಯಲ್ಲಿ ಇಳಿಸುವುದು ಅವರಿಗೆ ಯಾವತ್ತೂ ನಗುವ ವಿಷಯವಾಗಿರಲಿಲ್ಲ.

ಅವರು ಬದುಕಿಡೀ ಬಸ್ಸು ಓಡಿಸಿದವರು. ಡಿಪೋದಲ್ಲಿ ಅವರಿಗೆ 'ಗಡಿಯಾರ' ಎಂದೇ ಅಡ್ಡಹೆಸರು. ಅವರ ಬಸ್ಸು ಬಂದದ್ದು ನೋಡಿ ಬೇಕರಿಯವನು ಅಂಗಡಿ ತೆರೆಯುತ್ತಿದ್ದನಂತೆ. ಒಂದು ಅಪಘಾತವಿಲ್ಲ, ಒಂದು ದೂರಿಲ್ಲ. ಹಾಗಿದ್ದವರು ಹಿಂದಿನ ವರ್ಷ ಡಿಪೋದ ಅಂಗಳದಲ್ಲಿ, ನಿಂತ ಬಸ್ಸಿನ ಪಕ್ಕದಲ್ಲೇ, ಪ್ರಜ್ಞೆ ತಪ್ಪಿ ಬಿದ್ದು ಕೈಕಾಲು ಸೆಳೆದುಕೊಂಡರು. ಮೂರ್ಛೆ ರೋಗ ಎಂದರು ಡಾಕ್ಟರು. ದಿನವೂ ಮಾತ್ರೆ ನುಂಗಬೇಕು, ಪೂರ್ತಿ ಒಂದು ವರ್ಷ ಮೂರ್ಛೆ ಬಾರದಿದ್ದರೆ ಆಮೇಲೆ ಯೋಚಿಸೋಣ, ಅಲ್ಲಿಯವರೆಗೆ ಯಾವ ಗಾಡಿಯನ್ನೂ ಮುಟ್ಟಬಾರದು ಎಂದರು. ಡಿಪೋದವರು ಹಾರ ಹಾಕಿ, ಗೋಡೆಗೆ ತೂಗುಹಾಕುವ ಗಡಿಯಾರವೊಂದನ್ನು ಕೊಟ್ಟು ಕಳಿಸಿದರು. ಗಡಿಯಾರಕ್ಕೆ ಗಡಿಯಾರ ಕೊಟ್ಟರು ಎಂದು ಅಜ್ಜಿ, ಅಂದರೆ ಡ್ರೈವರ ತಾಯಿ, ಎಷ್ಟೋ ದಿನ ಹೇಳಿಕೊಂಡು ನಕ್ಕರು. ಹೊರಗಿನವರಿಗೆಲ್ಲ ಬೀಪಿ ಎಂದು ಹೇಳಿತ್ತು. ಹಾಗೆ ಹೇಳಬೇಕೆಂದು ಹಟ ಹಿಡಿದವರು ಡ್ರೈವರೇ. ಹೆಂಡತಿ ಬಾಯಿಮುಚ್ಚಿಕೊಂಡು ಒಪ್ಪಿದ್ದಳು.

ಮನೆಯಲ್ಲಿ ಕೂತ ಮೊದಲ ತಿಂಗಳುಗಳು ಯಾರಿಗೂ ಬೇಡ. ಹೆಂಡತಿ ಬೆಳಗ್ಗೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಕೆಲಸಕ್ಕೆ, ಮಗಳು ಕನ್ನಡಕದ ಅಂಗಡಿಗೆ ಹೊರಟುಬಿಟ್ಟರೆ ಅಮ್ಮ ಮಗ ಇಬ್ಬರೇ. ಅನ್ನ ಹತ್ತು ನಿಮಿಷ ತಡವಾದರೆ ಜಗಳ, ಪತ್ರಿಕೆ ಮಡಿಚಿದ್ದು ಸರಿಯಿಲ್ಲವೆಂದು ಜಗಳ. ಕೊನೆಗೆ ಮಗಳು ಒಂದು ಉಪಾಯ ಮಾಡಿದಳು. ಕಾಲೇಜಿನ ದಿನಗಳ ತನ್ನ ಲ್ಯಾಪ್‌ಟಾಪಿಗೆ ಬಸ್ಸು ಓಡಿಸುವ ಒಂದು ಆಟ ಹಾಕಿಕೊಟ್ಟಳು. ಡ್ರೈವರು ಮೊದಲು ಮಕ್ಕಳಾಟ ಎಂದು ಮೂಗು ಮುರಿದರು. ಮರುದಿನ ಕ್ಷೌರ ಮಾಡಿಕೊಂಡು, ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೋಗಿ ಕೂತರು. ಅಂದಿನಿಂದ ಬೆಳಗಿನ ತಿಂಡಿ ಮುಗಿದೊಡನೆ ಡ್ಯೂಟಿ. ಮಧ್ಯಾಹ್ನ ಊಟಕ್ಕೆ ಬಿಡುವು. ಮತ್ತೆ ಹೆಂಡತಿ ಬಂದು ಅಡುಗೆಗೆ ಕೂರುವವರೆಗೆ ಇನ್ನೊಂದು ಸುತ್ತು. ಭಾನುವಾರ ಲ್ಯಾಪ್‌ಟಾಪು ಮಗಳಿಗೆ, ಅವರಿಗೆ ವಾರದ ರಜೆ. ಓಡಿಸುವಾಗ ಹತ್ತಿರ ಯಾರೂ ನಿಲ್ಲಬಾರದು, ಮಾತಾಡಿಸಬಾರದು. ಅಜ್ಜಿಗೆ ಮಾತ್ರ ವಿನಾಯಿತಿ, ಆ ಕೋಣೆ ಅವರದ್ದೇ ಆದ್ದರಿಂದ. ಡ್ಯೂಟಿ ಮುಗಿದ ಮೇಲೆ ಮೇಜು ಒರೆಸಿ, ಎಲ್ಲವನ್ನೂ ಅದರದರ ಜಾಗದಲ್ಲಿಟ್ಟು, ಕುರ್ಚಿ ಒಳಗೆ ತಳ್ಳಿಯೇ ಹೊರಗೆ ಬರುತ್ತಿದ್ದರು.

ಮನೆಯಲ್ಲಿ ಜಗಳ ನಿಂತಿತು. ಲ್ಯಾಪ್‌ಟಾಪು ನಿಲ್ಲುವುದು ಶುರುವಾಗುವವರೆಗೆ.

ಸಂಜೆ ಮಗಳು ಚಪ್ಪಲಿ ಬಿಚ್ಚುವ ಮೊದಲೇ ವರದಿ ಕೇಳಬೇಕಾಯಿತು. ಏರಿನಲ್ಲಿ ತಡವರಿಸುತ್ತದೆ, ಆಮೇಲೆ ಪೂರ್ತಿ ಆರಿಹೋಗುತ್ತದೆ. ಇನ್ನು ಕೆಲವು ಸಲ ಜಿಗಿಯುತ್ತದೆ: ಸೇತುವೆಯ ಹತ್ತಿರ ಇದ್ದ ಬಸ್ಸು ಮರುಕ್ಷಣ ಹೊಲದೊಳಗೆ. ಮಗಳು ಒಂದು ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡೇ ಮೇಜಿನ ಮುಂದೆ ಕೂತಳು.

"ಅಪ್ಪಾ, ಇದು ಮಾಮೂಲಿ ಲ್ಯಾಪ್‌ಟಾಪು. ಎಲ್ಲಾನೂ ಎಳಿಯಲ್ಲ. ಏನಾದ್ರೂ ಬಿಡ್ಬೇಕು. ಮರದ ನೆರಳು ಬಿಡ್ತೀಯಾ?"

"ತೆಗಿ."

"ಮಳೆ?"

"ಮಳೆ ಇರ್ಲಿ. ಮಳೇಲಿ ಓಡಿಸೋದೇ ಓಡಿಸೋದು."

"ದೂರದ ಬೆಟ್ಟ?"

"ಬೆಟ್ಟ ಇಟ್ಕೊಂಡು ನಾನೇನ್ ಮಾಡ್ಲಿ."

"ಕನ್ನಡಿಗಳನ್ನ ತೆಗೀತೀನಿ. ಎಲ್ಲಕ್ಕಿಂತ ಜಾಸ್ತಿ ಭಾರ ಅದೇ. ಒಂದೊಂದು ಕನ್ನಡಿಗೂ ಇಡೀ ರಸ್ತೆ ಇನ್ನೊಂದು ಸಲ ಬರೀಬೇಕು ಅದು."

"ಕನ್ನಡಿ ಇಲ್ದೆ ಗಾಡಿ ಓಡಿಸ್ಬೇಕಾ? ಹಿಂದಿನ ಬಾಗಿಲಲ್ಲಿ ಯಾರು ಹತ್ತಿದ್ರು, ಯಾರು ಇಳಿದ್ರು ಅಂತ ಹೇಗೆ ಗೊತ್ತಾಗ್ಬೇಕು?"

"ಅಪ್ಪಾ, ಅಲ್ಲಿ ಯಾರೂ ಇಲ್ಲ."

"ಇದಾರೆ. ಗಂಟೆ ಹೊಡೀತಾರೆ."

ಮಂಚದ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ಅಜ್ಜಿ ತೀರ್ಪು ಕೊಟ್ಟರು. "ಅವನು ಹೇಳೋದು ಸರಿ. ಕನ್ನಡಿಗೆ ಕೈ ಹಾಕ್ಬೇಡ. ಬೇಕಿದ್ರೆ ಜನ ಕಮ್ಮಿ ಮಾಡು, ರಜಾ ದಿನದ ಹಾಗೆ."

ಹಾಗೇ ಆಯಿತು. ಮಗಳು ನೆರಳು ತೆಗೆದಳು, ಬೆಟ್ಟ ಕರಗಿಸಿದಳು, ಜನರನ್ನು ಅರ್ಧಕ್ಕರ್ಧ ಇಳಿಸಿದಳು. ಲ್ಯಾಪ್‌ಟಾಪಿನ ಒಳಗೆ ಸುಮ್ಮನೆ ಓಡುತ್ತಿದ್ದ ಬೇರೆ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದಳು. ಚಾರ್ಜರ್ ಸಿಕ್ಕಿಸಿಯೇ ಓಡಿಸಬೇಕು, ಇಲ್ಲದಿದ್ದರೆ ಅದಕ್ಕೆ ಅರ್ಧ ಶಕ್ತಿ ಮಾತ್ರ ಎಂದು ಹೇಳಿ, ಪ್ಲಗ್ ಸಡಿಲವಾಗದಂತೆ ಟೇಪು ಸುತ್ತಿದಳು. ಪರದೆಯ ಮೂಲೆಯಲ್ಲಿ ಒಂದು ಅಂಕಿ ಬರುವಂತೆ ಮಾಡಿ, ಒಂದು ಸೆಕೆಂಡಿಗೆ ಅಷ್ಟು ಚಿತ್ರ ಬರುತ್ತಿದೆ ಎಂದು ಅರ್ಥ, ಅಂಕಿ ಇಳಿದರೆ ಲ್ಯಾಪ್‌ಟಾಪಿಗೆ ಸುಸ್ತಾಗಿದೆ ಎಂದು ತಿಳಿ ಎಂದಳು. ಎಲ್ಲ ಮುಗಿಸಿ, ಲ್ಯಾಪ್‌ಟಾಪನ್ನು ಊಟದ ಮೇಜಿಗೆ ತಂದು, ತಾನೇ ಆ ಏರನ್ನು ಹತ್ತಿಸಿ ನೋಡಿದಳು. ಬಸ್ಸು ಸಲೀಸಾಗಿ ಹತ್ತಿತು.

ಮರುದಿನ ಅಪ್ಪನ ಕೈಯಲ್ಲಿ ಮತ್ತೆ ನಿಂತಿತು.

ರಿಪೇರಿ ಅಂಗಡಿಗೆ ಹೋಯಿತು. ಅಲ್ಲಿಯವನು ಬಿಚ್ಚಿ, ಧೂಳು ಊದಿ, ಒಳಗೆ ಬಿಸಿ ಇಳಿಸುವ ಹೊಸ ಪೇಸ್ಟು ಹಚ್ಚಿ, ಅರ್ಧ ದಿನ ಓಡಿಸಿ ನೋಡಿ, ಏನೂ ತೊಂದರೆ ಇಲ್ಲವೆಂದು ಕೊಟ್ಟ. ಮನೆಗೆ ಬಂದ ಮರುದಿನ ನಿಂತಿತು. ಮಗಳು ಮತ್ತೆ ಹೋಗಿ ಜಗಳವಾಡಿದಳು. ಮನೆಯಲ್ಲಿ ಹೇಗೆ ಬಳಸುತ್ತೀರಿ ಎಂದು ಅವನು ಕೇಳಿದ. ಮೇಜಿನ ಮೇಲಿಟ್ಟು, ಇನ್ನು ಹೇಗೆ ಬಳಸುತ್ತಾರೆ ಎಂದು ಇವಳು ಸಿಡುಕಿದಳು. ಅವಳ ಸಂಜೆಗಳೆಲ್ಲ ಇದರಲ್ಲೇ ಹೋಗುತ್ತಿದ್ದವು. ಗೆಳತಿಯರು ಕರೆಯುವುದನ್ನು ಬಿಟ್ಟಿದ್ದರು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಬೇರೆ ಒಂದು ಮಾತು ಬಾಯಿಂದ ಜಾರಿತು.

"ನಾನು ಓಡಿಸಿದ್ರೆ ನಿಲ್ಲಲ್ಲ. ಅಂಗಡಿಯವನು ಓಡಿಸಿದ್ರೂ ನಿಲ್ಲಲ್ಲ. ನಿನ್ನ ಕೈಯಲ್ಲಿ ಮಾತ್ರ ಹೀಗಾಗುತ್ತೆ ಅಪ್ಪಾ. ಏನೋ ಒತ್ತಬಾರದ್ದು ಒತ್ತುತಿದೀಯ."

ಡ್ರೈವರು ತುತ್ತನ್ನು ತಟ್ಟೆಗೆ ಹಾಕಿದರು. "ನನಗೆ ಓಡಿಸೋಕೆ ಬರಲ್ಲ ಅಂತೀಯಾ?"

"ನಾನು ಹಾಗಂದೆನಾ?"

"ಹಾಗೇ ಅಂದೆ."

ಅವರು ಎದ್ದು ಹೋಗಿ ಕೈ ತೊಳೆದರು. ಬೇಳೆಸಾರಿನ ಪಾತ್ರೆ ಹಿಡಿದು ನಿಂತಿದ್ದ ಹೆಂಡತಿಗೆ ಯಾರ ತಟ್ಟೆಗೆ ಬಡಿಸಬೇಕೆಂದು ತಿಳಿಯಲಿಲ್ಲ. ಮಗಳು ತಲೆ ತಗ್ಗಿಸಿಕೊಂಡು ಉಣ್ಣುತ್ತಲೇ ಇದ್ದಳು. ಆಮೇಲೆ ಅಪ್ಪನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ಮಾತ್ರೆಯನ್ನು ನೀರಿನ ಲೋಟದೊಂದಿಗೆ ಅವರ ಮಂಚದ ಪಕ್ಕಕ್ಕಿಟ್ಟು ಬಂದಳು. ಕೋಪ ಬಂದ ದಿನವೂ ಆ ಮಾತ್ರೆ ಮರೆಯುವವಳಲ್ಲ.

ಡ್ರೈವರು ಮರುದಿನ ಡ್ಯೂಟಿಗೆ ಹೋಗಲಿಲ್ಲ. ಬೀದಿಯ ಕಡೆಗಿನ ಮೆಟ್ಟಿಲ ಮೇಲೆ ಕೂತರು. ಬೀದಿಯ ಕೊನೆಯ ನೀರಿನ ಕ್ಯಾನಿನವನಿಗೆ ಅಷ್ಟೇ ಸಾಕಾಯಿತು. ಅವನೇನು ಕೆಟ್ಟವನಲ್ಲ. ಅಜ್ಜಿ ಜಾರಿ ಬಿದ್ದಾಗ ತನ್ನ ವ್ಯಾನಿನಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದವನು. ಅವನ ವ್ಯಾನು ಓಡಿಸುತ್ತಿದ್ದವನು ಕೆಲಸ ಬಿಟ್ಟು ಹೋಗಿದ್ದ. ಬೆಳಗ್ಗೆ ಒಂದು ಸುತ್ತು ಅಷ್ಟೇ, ಕ್ಯಾನು ಎತ್ತಲು ಬೇರೆಯವರಿದ್ದಾರೆ, ಅಣ್ಣಾ, ನಿಮ್ಮ ಕೈಯಲ್ಲಿ ವ್ಯಾನು ಇದ್ದರೆ ನನಗೆ ನಿಶ್ಚಿಂತೆ ಎಂದು ಅವನು ಹಿಂದೆಯೂ ಕೇಳಿದ್ದ. ಈ ಸಲ ಡ್ರೈವರು ಸೋಮವಾರದಿಂದ ಬರುತ್ತೇನೆ ಎಂದುಬಿಟ್ಟರು.

ಹೆಂಡತಿ ಮನೆಗೆ ಬಂದಾಗ ಅಜ್ಜಿಯೇ ಸುದ್ದಿ ಕೊಟ್ಟರು. ಅವಳು ಚೀಲವನ್ನೂ ಕೆಳಗಿಡದೆ ಮೆಟ್ಟಿಲ ಹತ್ತಿರ ಹೋದಳು.

"ಡಾಕ್ಟರು ಏನಂದಿದ್ರು?"

"ಒಂದು ವರ್ಷ ಅಂದಿದ್ರು. ಆಗ್ತಾ ಬಂತು."

"ಆಗ್ತಾ ಬರೋದು ಬೇರೆ, ಆಗೋದು ಬೇರೆ."

"ಒಂದು ಸಲಾನೂ ಬಂದಿಲ್ಲ. ಬಂದಿದ್ರೆ ನಿನಗೆ ಗೊತ್ತಾಗ್ತಿರ್ಲಿಲ್ವಾ? ನೆಲಕ್ಕೆ ಬೀಳ್ತಿರ್ಲಿಲ್ವಾ ನಾನು?"

ಅವರು ಬಿದ್ದಿರಲಿಲ್ಲ ಎನ್ನುವುದು ನಿಜ.

"ಮನೇಲಿ ಕೂತು ಏನ್ ಮಾಡ್ಲಿ ಹೇಳು. ಅದಾದ್ರೂ ನೆಟ್ಟಗೆ ಓಡಿದ್ರೆ ನಾನ್ಯಾಕೆ ನೀರಿನ ವ್ಯಾನಿಗೆ ಹೋಗ್ಲಿ?"

ಈ ಕೊನೆಯ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಲ್ಯಾಪ್‌ಟಾಪು ಓಡಿದರೆ ಇವರು ಹೋಗುವುದಿಲ್ಲ. ಅದರ ಒಳಗೆ ಏನಿದೆ, ಏನಿಲ್ಲ ಎಂದು ಎಂದೂ ತಲೆ ಕೆಡಿಸಿಕೊಳ್ಳದವಳು ಆ ಸಂಜೆ ಮಗಳನ್ನು ಬಾಗಿಲಲ್ಲೇ ತಡೆದು, ಹೇಗಾದರೂ ಮಾಡಿ ಓಡುವ ಹಾಗೆ ಮಾಡು ಎಂದಳು.

"ನಾನೇನು ಮಂತ್ರ ಹಾಕ್ಲಾ ಅಮ್ಮಾ? ಸಂಜೆ ಹೊತ್ತು ನನ್ನ ಮುಂದೆ ನಿಲ್ಲೋದೇ ಇಲ್ಲ ಅದು. ಹಗಲು ಹೊತ್ತು ಒಂದು ಸಲ ನೋಡ್ಬೇಕು. ಅಂಗಡೀಲಿ ಅರ್ಧ ದಿನ ರಜಾ ಕೇಳ್ದೆ, ಕೊಡ್ಲಿಲ್ಲ."

ಕೇಳಿದ್ದಳು ಎನ್ನುವುದೇ ತಾಯಿಗೆ ಆಗ ಗೊತ್ತಾದದ್ದು. ಅವಳು ಮಗಳ ಕೈಯಿಂದ ಚೀಲ ಇಸಿದುಕೊಂಡು, ಮುಖ ತೊಳೆದು ಬಾ, ಮೊಟ್ಟೆ ಹುರಿದುಕೊಡುತ್ತೇನೆ ಎಂದಳು.

ಹಗಲು ಹೊತ್ತು ನೋಡುವ ಕೆಲಸ ತನ್ನದು ಎಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿದ್ದಳು. ಶನಿವಾರ ಕಾರ್ಖಾನೆಗೆ ಹೊರಡುವ ಮುಂಚೆ ಗಂಡನಿಗೆ, ಇವತ್ತೊಂದು ದಿನ ಓಡಿಸಿ ನೋಡಿ, ನನಗೋಸ್ಕರ ಎಂದಳು. ಕಾರ್ಖಾನೆಯಲ್ಲಿ ಬೆಲ್ಟಿನ ಆಚೆ ಬದಿಗೆ ನಿಲ್ಲುವ ಹೆಂಗಸು ಇವಳ ಮುಖ ನೋಡಿಯೇ, ನೀನು ಹೋಗು, ನಿನ್ನ ಡಬ್ಬಗಳನ್ನೂ ನಾನೇ ತುಂಬುತ್ತೇನೆ, ಮೇಲ್ವಿಚಾರಕಿ ಕೇಳಿದರೆ ಹೊಟ್ಟೆನೋವು ಎನ್ನುತ್ತೇನೆ ಎಂದಳು. ಯಾಕೆ ಏನು ಎಂದು ಒಂದು ಮಾತು ಕೇಳಲಿಲ್ಲ.

ಮನೆಯ ಬಾಗಿಲು ತೆರೆದಾಗಲೇ ಫ್ಯಾನಿನ ಏದುಸಿರು ಕೇಳಿಸಿತು. ಅವಳು ಚಪ್ಪಲಿ ಬಿಚ್ಚಿ ಸದ್ದಿಲ್ಲದೆ ಹಿಂದಿನ ಕೋಣೆಗೆ ಹೋದಳು. ಡ್ರೈವರು ಬೆನ್ನು ಈ ಕಡೆ ಮಾಡಿ ಕೂತಿದ್ದರು. ಅಜ್ಜಿ ಮಂಚದ ಮೇಲೆ ದಿಂಬಿಗೊರಗಿದ್ದರು. ಲ್ಯಾಪ್‌ಟಾಪಿನ ಅಡಿಗೆ ಅಜ್ಜಿಯ ಹಳೆಯ ಉಣ್ಣೆಯ ಕಂಬಳಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಅದರ ಉಳಿದ ತುದಿ ಸುರುಳಿಯಾಗಿ ಲ್ಯಾಪ್‌ಟಾಪಿನ ಬಲಬದಿಗೆ, ಬಿಸಿಗಾಳಿ ಬರುವ ಕಿಂಡಿಗೆ ಒತ್ತಿಕೊಂಡು ನಿಂತಿತ್ತು. ಜ್ವರ ಬಂದ ಕೂಸನ್ನು ಬೆಚ್ಚಗೆ ಸುತ್ತಿಟ್ಟ ಹಾಗೆ.

"ಇದೇನ್ರೀ ಕಂಬಳಿ?"

ಡ್ರೈವರು ಬೆಚ್ಚಿ ತಿರುಗಿದರು. ಅಷ್ಟು ಹೊತ್ತಿಗೆ ಹೆಂಡತಿ ಮನೆಯಲ್ಲಿರುವುದು ಅವರ ವೇಳಾಪಟ್ಟಿಯಲ್ಲಿ ಇರಲಿಲ್ಲ. ಆದರೂ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟರು. ಹಳೆಯ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರನ ಪಕ್ಕದಲ್ಲೇ ಇರುತ್ತಿತ್ತು. ಬಿಸಿ ಕಾಲಿಗೆ ಬಡಿಯದಂತೆ ಅದರ ಮುಚ್ಚಳದ ಮೇಲೆ ದಪ್ಪ ಕಂಬಳಿ ಹೊದಿಸುವುದು ಎಲ್ಲ ಡ್ರೈವರ್‌ಗಳೂ ಮಾಡುತ್ತಿದ್ದ ಕೆಲಸ. ಇಲ್ಲೂ ಮೇಜು ಕಾಯುತ್ತದೆ, ಮೌಸ್ ಹಿಡಿದ ಕೈಗೆ ಬಿಸಿಗಾಳಿ ಬಡಿಯುತ್ತದೆ. ಅಮ್ಮನೇ ಕಂಬಳಿ ಕೊಟ್ಟರು. ಬಿಸಿ ಜಾಸ್ತಿಯಾದಾಗ ಇನ್ನೊಂದು ಮಡಿಕೆ ಹಾಕುತ್ತೇನೆ.

"ಮುಗಿದ ಮೇಲೆ?"

"ಮಡಿಚಿ ಅಮ್ಮನ ಮಂಚದ ಮೇಲೆ ಇಡ್ತೀನಿ. ಮತ್ತೆಲ್ಲಿಡ್ಲಿ?"

ಅವಳು ಕಂಬಳಿಯ ಸುರುಳಿಯನ್ನು ಸ್ವಲ್ಪ ಸರಿಸಿದಳು. ಕಿಂಡಿಯಿಂದ ಕುಲುಮೆಯ ಉಸಿರಿನಂಥ ಗಾಳಿ ನುಗ್ಗಿತು. ಡ್ರೈವರು ಕೈ ಒಡ್ಡಿದರು, ಹಿಂದಕ್ಕೆಳೆದುಕೊಂಡರು, ಮತ್ತೆ ಒಡ್ಡಿದರು. ಲ್ಯಾಪ್‌ಟಾಪನ್ನು ಎತ್ತಿ ಅದರ ಹೊಟ್ಟೆಯ ಕಡೆಯ ಸೀಳುಗಳನ್ನು ನೋಡಿದರು. ಆಮೇಲೆ ಅವರ ಮುಖ ನೋಡಲು ಅವಳಿಗೆ ಮನಸ್ಸಾಗಲಿಲ್ಲ.

"ರೇಡಿಯೇಟರ್ ಮುಚ್ಚಿದೀನಿ," ಎಂದರು. "ಕಲಿಯೋಕೆ ಬಂದವರಿಗೆಲ್ಲ ಬಯ್ದಿದ್ದು ಇದಕ್ಕೇ."

"ಮಗಳು ಒಂದು ದಿನವಾದ್ರೂ ಹಗಲು ನೋಡಿದ್ರೆ ಗೊತ್ತಾಗ್ತಿತ್ತು. ಯಾರೂ ನೋಡ್ಲಿಲ್ಲ."

"ಅವಳಿಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ."

ಅವಳು ಅಡುಗೆಮನೆಯಿಂದ ಎರಡು ಬಟ್ಟಲು ತಂದು ಕವುಚಿ ಹಾಕಿ, ಲ್ಯಾಪ್‌ಟಾಪಿನ ಹಿಂಬದಿಯನ್ನು ಅವುಗಳ ಮೇಲೆ ಕೂರಿಸಿದಳು. ಅಡಿಯಲ್ಲಿ ಗಾಳಿಯಾಡಿತು. ಸ್ವಲ್ಪ ಹೊತ್ತು ಆರಲು ಬಿಟ್ಟರು. ಆ ಹೊತ್ತಿನಲ್ಲಿ ಮೂವರೂ ಚಹಾ ಕುಡಿದರು, ಬಿಸ್ಕತ್ತಿನ ಮುರುಕು ತಿಂದರು. ಕಂಬಳಿ ಕೊಟ್ಟದ್ದು ತಾನು, ಬಯ್ಯುವುದಾದರೆ ತನ್ನನ್ನೇ ಬಯ್ಯಿರಿ ಎಂದು ಅಜ್ಜಿ ಹೇಳಿಕೊಂಡರು. ಯಾರೂ ಬಯ್ಯಲಿಲ್ಲ.

ಮತ್ತೆ ಬಸ್ಸು ಹೊರಟಿತು. ಡ್ರೈವರು ಇವಳಿಗೆ ಪಕ್ಕದಲ್ಲೇ ಸ್ಟೂಲು ಎಳೆದುಕೊಟ್ಟರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಡ್ರೈವರನ ಪಕ್ಕ ಕೂರುವ ಅಪ್ಪಣೆ ಸಿಕ್ಕಿತ್ತು. ಮೂಲೆಯ ಅಂಕಿಯನ್ನು ನೋಡುತ್ತಿರು, ಇಳಿದರೆ ಹೇಳು ಎಂದು ಕೆಲಸವನ್ನೂ ಕೊಟ್ಟರು. ಅಂಕಿ ಅರವತ್ತರ ಆಸುಪಾಸಿನಲ್ಲಿ ಮಿಣುಗುಟ್ಟುತ್ತಿತ್ತು. ಏರು ಶುರುವಾಯಿತು. ಫ್ಯಾನು ಒಂದೇ ಸಮನೆ ಉಸಿರಾಡಿತು. ಒಂದು ತಿರುವು, ಇನ್ನೊಂದು ತಿರುವು, ಎದುರಿಗೆ ಬಂದ ಲಾರಿಗೆ ದಾರಿ, ಮತ್ತೊಂದು ತಿರುವು. ಮೇಲಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಹಿಂದಿನ ಬಾಗಿಲು ತೆರೆದದ್ದು, ಜನ ಇಳಿದದ್ದು ಕನ್ನಡಿಯಲ್ಲಿ ಕಂಡಿತು. ಡ್ರೈವರು ಅಂಗಿಯ ಕಾಲರು ಸರಿಮಾಡಿಕೊಂಡರು. ಹೆಂಡತಿ, ಇನ್ನು ಸೋಮವಾರ ಇವರು ವ್ಯಾನಿಗೆ ಹೋಗುವುದಿಲ್ಲ ಎಂದುಕೊಂಡಳು.

ಇಳಿಜಾರಿನಲ್ಲಿ ದಾರಿ ನೇರವಾಗಿತ್ತು, ದೂರದಲ್ಲಿ ಎಡಕ್ಕೆ ತಿರುಗುತ್ತಿತ್ತು. ಅವಳು ಅಂಕಿಯನ್ನೇ ನೋಡುತ್ತಿದ್ದಳು. ಅಂಕಿ ಕದಲಲಿಲ್ಲ. ತಿರುವು ಹತ್ತಿರ ಬಂತು. ಬಸ್ಸು ತಿರುಗಲಿಲ್ಲ. ತಡೆಕಂಬಗಳನ್ನು ಹಾರಿಸಿಕೊಂಡು ನೇರ ಹೊಲದೊಳಗೆ ಹೋಯಿತು, ಒಂದು ಮರಕ್ಕೆ ತಾಗಿತು, ಆದರೂ ಚಕ್ರ ತಿರುಗುತ್ತಲೇ ಇತ್ತು. ಅಂಕಿ ಹಾಗೇ ಇತ್ತು.

ಅವಳು ಗಂಡನ ಕಡೆ ನೋಡಿದಳು. ಅವರ ಎಡಗೈಯ ಬೆರಳು ಮುಂದಕ್ಕೆ ಹೋಗುವ ಕೀಲಿಯನ್ನು ಒತ್ತಿಕೊಂಡೇ ಇತ್ತು. ಬಲಗೈ ಬಸ್ಸು ತಿರುಗಿಸುವ ಮೌಸ್ ಬಿಟ್ಟು ಅಂಗಿಯ ಗುಂಡಿಯನ್ನು ತಿರುವುತ್ತಿತ್ತು. ಕಣ್ಣು ತೆರೆದಿತ್ತು. ಏನನ್ನೋ ಜಗಿಯುವ ಹಾಗೆ ತುಟಿ ಆಡುತ್ತಿತ್ತು. ಬಾಯಲ್ಲಿ ಏನೂ ಇರಲಿಲ್ಲ.

"ರೀ," ಎಂದಳು. ಆಮೇಲೆ ತೋಳು ಹಿಡಿದು, "ರೀ, ಇಲ್ಲಿ ನೋಡಿ."

ಅವರು ಗುಂಡಿ ತಿರುವುತ್ತಲೇ ಇದ್ದರು. ಅವಳು ಮೂರನೆಯ ಸಲ ಕರೆಯುವಷ್ಟರಲ್ಲಿ ಕೈ ನಿಂತಿತು. ಕಣ್ಣು ಮಿಟುಕಿಸಿ, ದೀರ್ಘವಾಗಿ ಉಸಿರೆಳೆದುಕೊಂಡು, ಪರದೆಯ ಕಡೆ ನೋಡಿದರು.

"ನೋಡಿದ್ಯಾ," ಎಂದರು. ದನಿಯಲ್ಲಿ ಗೆದ್ದ ಸಮಾಧಾನವಿತ್ತು. "ಮತ್ತೆ ಜಿಗೀತು. ಇದನ್ನೇ ನಾನು ಹೇಳ್ತಿದ್ದದ್ದು. ನಿಲ್ಲೋದು ಸರಿಹೋಯ್ತು, ಇದು ಸರಿಹೋಗ್ಲಿಲ್ಲ."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಮಗಳು ಸಂಜೆ ಬಂದು ಇನ್ನೇನನ್ನೋ ತೆಗೆಯುತ್ತಾಳೆ, ಇನ್ನೇನನ್ನೋ ಹಾಕುತ್ತಾಳೆ. ಆ ಒಂದು ಮಾತು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಜಿಗೀಲಿಲ್ಲ," ಎಂದಳು. "ನಾನು ನೋಡ್ತಾನೇ ಇದ್ದೆ. ಅದು ಸರಿಯಾಗೇ ಓಡ್ತಿತ್ತು. ನೀವು ತಿರುಗಿಸ್ಲಿಲ್ಲ."

"ನಾನು ತಿರುಗಿಸ್ಲಿಲ್ವಾ?"

"ಕರೆದೆ. ತೋಳು ಹಿಡಿದು ಕರೆದೆ. ನಿಮಗೆ ಕೇಳಿಸ್ಲಿಲ್ಲ."

ಅವರು ತಾಯಿಯ ಕಡೆ ತಿರುಗಿದರು, ಇದು ಸುಳ್ಳು ಎಂದು ಹೇಳಲಿ ಎನ್ನುವವರಂತೆ. ಅಜ್ಜಿ ದಿಂಬಿನಿಂದ ಎದ್ದು ಕೂತಿದ್ದರು.

"ಗುಂಡಿ ಹಿಡ್ಕೊಂಡು ಕೂತಿದ್ದೆ ಮಗಾ. ಆಗಾಗ ಹಾಗೆ ಕೂರ್ತೀಯ. ಏನೋ ಯೋಚನೆ ಅಂದ್ಕೊಂಡಿದ್ದೆ. ಮಾತಾಡಿಸ್ಬೇಡ ಅಂದಿದ್ಯಲ್ಲ, ಅದಕ್ಕೆ ಸುಮ್ಮನಿದ್ದೆ."

"ನೆಲಕ್ಕೆ ಬೀಳದೇನೂ ಬರುತ್ತಾ ಮೂರ್ಛೆ?" ಎಂದರು ಡ್ರೈವರು. ಫ್ಯಾನು ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು. ಹೆಂಡತಿ ಗಂಡನ ತೋಳನ್ನು ಬಿಟ್ಟಿರಲಿಲ್ಲ.

"ನೀರಿನ ವ್ಯಾನು ಶಾಲೆ ಮುಂದಿನ ರಸ್ತೇಲಿ ಹೋಗುತ್ತೆ," ಎಂದರು ಡ್ರೈವರು ಕೊನೆಗೆ. "ಮಕ್ಕಳು ಬರೋ ಹೊತ್ತಿಗೇ."

ಅವರು ಎದ್ದು, ಮುಖ ತೊಳೆದು, ಚಪ್ಪಲಿ ಮೆಟ್ಟಿದರು. ಅವಳು ಜೊತೆಗೆ ಹೊರಟಾಗ ಬೇಡ ಎನ್ನಲಿಲ್ಲ. ಬೀದಿಯ ಕೊನೆಯಲ್ಲಿ ನೀರಿನ ಕ್ಯಾನಿನವನು ಖಾಲಿ ಕ್ಯಾನುಗಳನ್ನು ತೊಳೆಯುತ್ತಿದ್ದ. ಡ್ರೈವರು ಅವನ ಮುಂದೆ ನಿಂತು, ಬೀಪಿ ಅಂತ ಹೇಳಿದ್ದು ಸುಳ್ಳು, ನನಗಿರೋದು ಮೂರ್ಛೆ ರೋಗ, ಬೇರೆ ಡ್ರೈವರನ್ನ ನೋಡ್ಕೋ ಎಂದರು. ಅವನು ಏನು ಹೇಳಬೇಕೆಂದು ತೋಚದೆ, ಕೈ ಒರೆಸಿಕೊಂಡು, ಅಣ್ಣಾ ಕೂತ್ಕೊಳ್ಳಿ ಎಂದು ಕುರ್ಚಿ ತಂದು ಹಾಕಿದ.

ಮಗಳು ಸಂಜೆ ಬರುವಾಗ ತನ್ನ ಅಂಗಡಿಯ ಮಾಲೀಕನಿಂದ ಎರವಲು ತಂದ, ಲ್ಯಾಪ್‌ಟಾಪಿನ ಅಡಿಗಿಡುವ ಗಾಳಿಯಾಡುವ ಸ್ಟ್ಯಾಂಡೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಇದನ್ನು ಅಡಿಗಿಟ್ಟು ನೋಡೋಣ, ಇದೊಂದೇ ಬಾಕಿ ಉಳಿದಿರುವುದು ಎಂದಳು. ಆಮೇಲೆ ಮೆಲ್ಲಗೆ, ಅಪ್ಪನ ಮುಖ ನೋಡದೆ, ಇವತ್ತು ಹೇಗೆ ಓಡಿತು ಎಂದು ಕೇಳಿದಳು.

"ಚೆನ್ನಾಗಿ ಓಡ್ತು. ಒಂದು ಸಲಾನೂ ನಿಲ್ಲಲಿಲ್ಲ," ಎಂದರು ಡ್ರೈವರು. "ಸೋಮವಾರ ನಿನಗೆ ರಜಾ ಸಿಗುತ್ತಾ?"

"ಯಾಕಪ್ಪಾ?"

"ಡಾಕ್ಟರ ಹತ್ರ ಹೋಗ್ಬೇಕು. ಅಮ್ಮನೂ ಬರ್ತಾಳೆ, ಅಜ್ಜೀನೂ ಬರ್ತಾರಂತೆ. ನೀನೂ ಬಾ. ಆ ಹೊತ್ತಲ್ಲಿ ನನಗೇನಾಗುತ್ತೆ ಅಂತ ನೀವೆಲ್ಲ ಸೇರಿ ಹೇಳ್ಬೇಕು. ನನಗೆ ಗೊತ್ತಾಗಲ್ಲ."